ಮಾರಿಷಸ್ಸೂ ನಮ್ಮ ಪುಣೆಯೂ

ಭೂಪಟದಲ್ಲಿ ಮಾರಿಷಸ್ ದ್ವೀಪವನ್ನು ಹುಡುಕುವುದು ಕಣ್ಣು ಚುರುಕಾಗಿರುವವರ ಕೆಲಸ. ಹಿಂದೂ ಮಹಾಸಾಗರದ ನೀಲಿಯ ನಡುವೆ, ಮಡಗಾಸ್ಕರದ ಪೂರ್ವಕ್ಕೆ ಎಂಟುನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ, ಯಾರೋ ಲೇಖನಿಯನ್ನು ಕೊಡಹಿದಾಗ ಸಿಡಿದ ಮಸಿಯ ಹನಿಯಂತೆ ಅದು ಕುಳಿತಿದೆ. ಮುಖ್ಯ ದ್ವೀಪದ ವಿಸ್ತಾರ ೧,೮೬೫ ಚದರ ಕಿಲೋಮೀಟರ್. ನಮ್ಮ ಪುಣೆ ಜಿಲ್ಲೆಯ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ. ಉದ್ದ ಸುಮಾರು ೬೫ ಕಿಲೋಮೀಟರ್, ಅಗಲ ೪೫. ೧೯೬೮ರ ಮಾರ್ಚ್ ೧೨ರಂದು ಸ್ವತಂತ್ರವಾಗಿ, ೧೯೯೨ರ ಅದೇ ದಿನ ಗಣರಾಜ್ಯವಾದ ಈ ದೇಶಕ್ಕೆ ಭೂಗೋಲದ ಪುಸ್ತಕಗಳು ಸಾಮಾನ್ಯವಾಗಿ ಎರಡು ವಾಕ್ಯಗಳನ್ನು ಕೊಡುತ್ತವೆ. ಅಲ್ಲಿ ಕಬ್ಬು ಬೆಳೆಯುತ್ತದೆ ಎಂಬುದು ಒಂದು. ಡೋಡೋ ಎಂಬ ಹಾರಲಾರದ ಹಕ್ಕಿ ಅಲ್ಲಿತ್ತು, ಈಗ ಇಲ್ಲ ಎಂಬುದು ಇನ್ನೊಂದು. ವಿದ್ಯಾರ್ಥಿಗಳು ಆ ಎರಡನ್ನೂ ಬಾಯಿಪಾಠ ಮಾಡಿ ಮುಂದಿನ ಪುಟಕ್ಕೆ ಹೋಗುತ್ತಾರೆ.

ಹಲವು ವರ್ಷಗಳಿಂದ ಭೂಗೋಲವನ್ನು ಹೇಳಿಕೊಡುತ್ತಿರುವ ನನಗೆ ಇದು ಸ್ವಲ್ಪ ನೋವಿನ ಸಂಗತಿ. ಬೇರೆ ಊರಿನವರು ಬೇಕಾದರೆ ಹಾಗೆ ದಾಟಿ ಹೋಗಲಿ. ಪುಣೆಯಲ್ಲಿ ವಾಸಿಸುವವರು ಹೋಗುವಂತಿಲ್ಲ. ನಮ್ಮ ಕಾಲಕೆಳಗಿನ ಕಲ್ಲಿಗೂ, ನಮ್ಮ ತಲೆಯ ಮೇಲೆ ಸುರಿಯುವ ಮಳೆಗೂ ಆ ದ್ವೀಪದ ಜೊತೆಗೆ ಸಂಬಂಧವಿದೆ. ಸಂಬಂಧವೆಂದರೆ ಕವಿಗಳು ಕಲ್ಪಿಸುವಂಥದಲ್ಲ. ಅಳೆದು, ಕೊರೆದು, ಲೆಕ್ಕ ಹಾಕಿ ತಿಳಿದದ್ದು.

ಮೊದಲು ಕಲ್ಲಿನ ಮಾತು. ಜಂಗಲಿ ಮಹಾರಾಜ ರಸ್ತೆಯ ಬದಿಯಲ್ಲಿರುವ ಪಾತಾಳೇಶ್ವರದ ಗುಹಾಲಯವನ್ನು ನಮ್ಮ ಮಕ್ಕಳೆಲ್ಲರೂ ನೋಡಿಯೇ ಇರುತ್ತಾರೆ. ರಾಷ್ಟ್ರಕೂಟರ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಒಂದೇ ಕಗ್ಗಲ್ಲಿನಲ್ಲಿ ಕಂಡರಿಸಿದ ದೇವಾಲಯ ಅದು. ಕನ್ನಡದ ಅರಸರ ಕಾಲದ್ದೆಂದು ನಾವು ಅಲ್ಲಿಗೆ ಹೋದಾಗ ತುಸು ಎದೆಯುಬ್ಬಿಸುವುದುಂಟು. ಪರ್ವತಿ ಗುಡ್ಡ, ಚತುಃಶೃಂಗಿ, ಸಿಂಹಗಡ ಇವೆಲ್ಲವೂ ಅದೇ ಜಾತಿಯ ಶಿಲೆ. ಇದು ಬಸಾಲ್ಟ್, ಭೂಮಿಯ ಹೊಟ್ಟೆಯಿಂದ ಲಾವಾರಸವಾಗಿ ಉಕ್ಕಿ, ಹರಡಿ, ಆರಿ ಕಲ್ಲಾದದ್ದು. ಮಳೆಗಾಲ ಮುಗಿದ ಮೇಲೆ ಸಿಂಹಗಡದ ದಾರಿಯಲ್ಲಿ ನಿಂತು ಎದುರಿನ ಬೆಟ್ಟಗಳನ್ನು ನೋಡಿರಿ. ಮೆಟ್ಟಿಲು ಮೆಟ್ಟಿಲಾಗಿ, ಒಂದರ ಮೇಲೊಂದು ಹೋಳಿಗೆಯನ್ನು ಒಟ್ಟಿದಂತೆ ಪದರಗಳು ಕಾಣುತ್ತವೆ. ಒಂದೊಂದು ಪದರವೂ ಒಂದೊಂದು ಸಲದ ಲಾವಾರಸದ ಹರಿವು. ಈ ಉಕ್ಕುವಿಕೆ ನಡೆದದ್ದು ಈಗ್ಗೆ ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ. ಸಹ್ಯಾದ್ರಿಯ ಕಡೆಗೆ ಅದರ ದಪ್ಪ ಎರಡು ಸಾವಿರ ಮೀಟರನ್ನು ಮೀರುತ್ತದೆ. ವಿಜಯಪುರದ ಗೋಲಗುಮ್ಮಟದ ಕರಿಯ ಕಲ್ಲೂ ಅದರ ದಕ್ಷಿಣದ ಅಂಚಿಗೆ ಸೇರಿದ್ದೇ.

ಆದರೆ ಆ ಕಾಲದಲ್ಲಿ ನಮ್ಮ ನೆಲ ಈಗಿರುವಲ್ಲಿ ಇರಲಿಲ್ಲ. ಸಮಭಾಜಕ ವೃತ್ತದ ದಕ್ಷಿಣಕ್ಕೆ, ಇಂದು ರಿಯೂನಿಯನ್ ಎಂಬ ದ್ವೀಪವಿರುವ ಎಡೆಯ ಸಮೀಪದಲ್ಲಿ ಅದು ತೇಲುತ್ತಿತ್ತು. ಅಲ್ಲಿ ಭೂಗರ್ಭದಲ್ಲಿ ಒಂದು ಒಲೆ ಇದೆ ಎಂದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಹೇಳುತ್ತಾರೆ. ಒಲೆ ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದು, ಮೇಲಿನ ಭೂಫಲಕ ಜರುಗುತ್ತ ಹೋಗುತ್ತದೆ. ಹಂಚಿನ ಮೇಲೆ ರೊಟ್ಟಿಯನ್ನು ಮೆಲ್ಲನೆ ಎಳೆದರೆ ಸುಟ್ಟ ಗುರುತು ಸಾಲಾಗಿ ಬೀಳುವಂತೆ, ಉತ್ತರಕ್ಕೆ ಸರಿಯುತ್ತಿದ್ದ ಭಾರತದ ಹಿಂದೆ ಆ ಒಲೆ ಒಂದು ಕಲ್ಲಿನ ಸಾಲನ್ನು ಬಿಟ್ಟಿತು. ಮೊದಲು ನಮ್ಮ ದಖ್ಖನ್, ಆಮೇಲೆ ಲಕ್ಷದ್ವೀಪ ಮತ್ತು ಮಾಲ್ದೀವುಗಳ ಅಡಿಪಾಯ, ಆಮೇಲೆ ಛಾಗೋಸ್, ಅನಂತರ ಮಸ್ಕರೀನ್ ಎಂಬ ಸಮುದ್ರದಡಿಯ ಪ್ರಸ್ಥಭೂಮಿ. ಸುಮಾರು ೮೦-೯೦ ಲಕ್ಷ ವರ್ಷಗಳ ಹಿಂದೆ ಮಾರಿಷಸ್ ನೀರಿನಿಂದ ತಲೆಯೆತ್ತಿತು. ಕೊನೆಯದು ರಿಯೂನಿಯನ್; ಅಲ್ಲಿಯ ಪಿಟನ್ ದ ಲಾ ಫೂರ್ನೇಸ್ ಎಂಬ ಜ್ವಾಲಾಮುಖಿ ಇಂದಿಗೂ ಆಗಾಗ ಬೆಂಕಿಯನ್ನು ಉಗುಳುತ್ತದೆ. ೧೯೮೭ರಲ್ಲಿ ವಿಜ್ಞಾನಿಗಳು ಹಡಗಿನಿಂದ ಈ ಸಾಲಿನುದ್ದಕ್ಕೂ ಸಮುದ್ರತಳವನ್ನು ಕೊರೆದು ಕಲ್ಲಿನ ತುಣುಕುಗಳನ್ನು ಮೇಲೆತ್ತಿದರು. ಅವುಗಳ ವಯಸ್ಸು ಉತ್ತರದಿಂದ ದಕ್ಷಿಣಕ್ಕೆ ಬರಬರುತ್ತ ಕಡಿಮೆಯಾಗುವುದು ಕಂಡುಬಂತು.

ಹಾಗಾದರೆ ಪರ್ವತಿ ಗುಡ್ಡದ ಕಲ್ಲೂ ಮಾರಿಷಸ್ಸಿನ ಕಲ್ಲೂ ಒಂದೇ ಒಲೆಯಲ್ಲಿ ಬೆಂದವು. ನಮ್ಮದು ಹಿರಿಯದು, ಅದು ಕಿರಿಯದು. ಇಲ್ಲಿ ಧಾರವಾಡದ ಕಡೆಯ ಮಕ್ಕಳಿಗೆ ಒಂದು ಮಾತನ್ನು ಹೇಳಲೇಬೇಕು. ಮಾರಿಷಸ್ಸಿನ ಎಳೆಯ ಶಿಲೆಯೊಳಗೆ ಜಿರ್ಕಾನ್ ಎಂಬ ಖನಿಜದ ಕೆಲವು ಕಣಗಳು ಸಿಕ್ಕಿವೆ. ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯಂತೆ ಅವುಗಳ ವಯಸ್ಸು ಮುನ್ನೂರು ಕೋಟಿ ವರ್ಷಗಳವರೆಗೂ ಹೋಗುತ್ತದೆ. ತೊಂಬತ್ತು ಲಕ್ಷ ವರ್ಷದ ದ್ವೀಪದಲ್ಲಿ ಮುನ್ನೂರು ಕೋಟಿ ವರ್ಷದ ಕಣ! ಭಾರತ ಮಡಗಾಸ್ಕರಗಳು ಬೇರ್ಪಟ್ಟಾಗ ನಡುವೆ ಉಳಿದುಹೋದ ಹಳೆಯ ನೆಲದ ಚೂರೊಂದು ಆ ಲಾವಾರಸದ ಕೆಳಗೆ ಹೂತುಕೊಂಡಿದೆ ಎಂದು ಆ ಸಂಶೋಧಕರು ಊಹಿಸಿದ್ದಾರೆ. ಅಷ್ಟು ಮುಪ್ಪಿನ ಕಲ್ಲು ನಮ್ಮಲ್ಲಿ ಸಿಗುವುದು ಧಾರವಾಡದ ಹೆಸರನ್ನು ಹೊತ್ತ ಶಿಲಾವಲಯದಲ್ಲಿ.

ಇನ್ನು ದ್ವೀಪದ ಮೈಕಟ್ಟು. ಮೂಲದ ದೊಡ್ಡ ಜ್ವಾಲಾಮುಖಿ ಸವೆದು ಕುಸಿದು, ಅದರ ಅಂಚು ಮಾತ್ರ ಮುರಿದ ಬಳೆಯಂತೆ ಉಳಿದಿದೆ. ಆ ಬಳೆಯ ಚೂರುಗಳೇ ಇಂದಿನ ಬೆಟ್ಟಸಾಲುಗಳು. ಅತ್ಯುನ್ನತ ಶಿಖರವೆಂದರೆ ೮೨೮ ಮೀಟರ್. ಸಿಂಹಗಡವನ್ನು ಹತ್ತಿದವರು ಇದನ್ನು ಕೇಳಿ ನಗಬಹುದು. ಪೀಟರ್ ಬೋತ್ ಎಂಬ ಇನ್ನೊಂದು ಶಿಖರದ ನೆತ್ತಿಯ ಮೇಲೆ ಒಂದು ಗುಂಡುಕಲ್ಲು, ಈಗ ಉರುಳೀತು ಆಗ ಉರುಳೀತು ಎಂಬಂತೆ ಕುಳಿತಿದೆ. ಈ ಬೆಟ್ಟಗಳ ನಡುವೆ ಪ್ರಸ್ಥಭೂಮಿ ಇದೆ. ಅದರ ಮೇಲಿರುವ ಕ್ಯೂರ್‌ಪಿಪ್ ಎಂಬ ಊರು ಸಮುದ್ರಮಟ್ಟದಿಂದ ಸುಮಾರು ೫೫೦ ಮೀಟರ್ ಎತ್ತರದಲ್ಲಿದೆ. ನಮ್ಮ ಪುಣೆಯ ಎತ್ತರವೂ ಸುಮಾರು ೫೬೦ ಮೀಟರ್. ಪುಣೆಯ ಅಕ್ಷಾಂಶ ಉತ್ತರಕ್ಕೆ ಹದಿನೆಂಟೂವರೆ. ಮಾರಿಷಸ್ಸಿನದು ದಕ್ಷಿಣಕ್ಕೆ ಇಪ್ಪತ್ತು. ಒಂದೇ ಕಲ್ಲು, ಒಂದೇ ಎತ್ತರ, ಸಮಭಾಜಕ ವೃತ್ತದ ಆಚೀಚೆ ಹೆಚ್ಚುಕಡಿಮೆ ಒಂದೇ ದೂರ! ಭೂಗೋಲದ ಮಾಸ್ತರನೊಬ್ಬನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ಕಲ್ಲು ಒಂದೇ ಆದರೂ ಮಣ್ಣು ಒಂದಲ್ಲ. ದಖ್ಖನಿನ ಬಸಾಲ್ಟು ಕಡಿಮೆ ಮಳೆಯಲ್ಲಿ ಶಿಥಿಲವಾಗಿ ಎರೆಮಣ್ಣಾಯಿತು; ಜೋಳವನ್ನೂ ಹತ್ತಿಯನ್ನೂ ಸಾಕಿತು. ಮಾರಿಷಸ್ಸಿನ ಮೇಲುನಾಡಿನಲ್ಲಿ ಧಾರಾಕಾರವಾದ ಮಳೆ ಸುಣ್ಣದಂಶವನ್ನೆಲ್ಲ ತೊಳೆದು, ಕಬ್ಬಿಣದ ಅಂಶವನ್ನು ಉಳಿಸಿ, ಕೆಂಪು ಮಣ್ಣನ್ನು ಮಾಡಿತು. ನಮ್ಮಲ್ಲಿಯೂ ಮಹಾಬಳೇಶ್ವರಕ್ಕೆ ಹೋದರೆ ಅದೇ ಕರಿಗಲ್ಲಿನ ಮೇಲೆ ಕೆಮ್ಮಣ್ಣನ್ನು ಕಾಣುತ್ತೇವಲ್ಲವೆ? ಮಣ್ಣಿನ ಬಣ್ಣವನ್ನು ಕಲ್ಲಿಗಿಂತ ಮಳೆಯೇ ಹೆಚ್ಚಾಗಿ ತೀರ್ಮಾನಿಸುತ್ತದೆ. ಅಲ್ಲಿಯ ಲಾವಾರಸ ಎಳೆಯದಾದ್ದರಿಂದ ಸ್ಪಂಜಿನಂತೆ ರಂಧ್ರಮಯ; ಬಿದ್ದ ನೀರು ಒಳಗಿಳಿದು ಸಂಗ್ರಹವಾಗುತ್ತದೆ, ಜನರು ಕುಡಿಯುವ ನೀರಿನ ಅರ್ಧದಷ್ಟು ನೆಲದೊಳಗಿನಿಂದಲೇ ಬರುತ್ತದೆ. ನಮ್ಮ ಮುದಿಗಲ್ಲು ಬಿಗಿ. ಮೇಲಿನ ಗರಸಿನಲ್ಲಿ, ಕೆಳಗಿನ ಬಿರುಕುಗಳಲ್ಲಿ ನೀರು ಸಿಕ್ಕಷ್ಟೇ ಭಾಗ್ಯ. ಬಾವಿ ತೋಡಿಸಿದವರಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ.

ದ್ವೀಪದ ಸುತ್ತಲೂ, ಅಲ್ಲಲ್ಲಿ ಮಾತ್ರ ತೆರಪು ಬಿಟ್ಟು, ಹವಳದ ದಿಬ್ಬವೊಂದು ಕೋಟೆಯಂತೆ ನಿಂತಿದೆ. ಹೊಳೆಗಳು ಕಡಲನ್ನು ಸೇರುವಲ್ಲಿ ಸಿಹಿನೀರು ಮತ್ತು ಮಣ್ಣಿನ ದೆಸೆಯಿಂದ ಹವಳ ಬೆಳೆಯದು. ಅಲ್ಲೇ ಕೋಟೆಯ ಬಾಗಿಲುಗಳು. ತೆರೆಗಳು ಹೊರಗೆ ದಿಬ್ಬಕ್ಕೆ ಬಡಿದು ನೊರೆಯಾಗುತ್ತವೆ. ಒಳಗೆ ದಡದವರೆಗೂ ತಿಳಿನೀರು ಕೊಳದಂತೆ ನಿಂತಿರುತ್ತದೆ. ಕರಿಗಲ್ಲಿನ ದ್ವೀಪಕ್ಕೆ ಬಿಳಿಯ ಮರಳಿನ ಅಂಚು ಬಂದದ್ದು ಈ ಹವಳದ ಪುಡಿಯಿಂದ.

ವಾಯುಗುಣದ ವಿಷಯಕ್ಕೆ ಬಂದರೆ, ನಮ್ಮ ಮಕ್ಕಳಿಗೆ ಎಲ್ಲವೂ ತಲೆಕೆಳಗಾಗಿ ತೋರುತ್ತದೆ. ನಾವು ಸ್ವೆಟರನ್ನು ಹುಡುಕುವ ಡಿಸೆಂಬರಿನಲ್ಲಿ ಅಲ್ಲಿ ಬೇಸಗೆ. ನಾವು ಕೊಡೆ ಬಿಚ್ಚುವ ಜೂನಿನಲ್ಲಿ ಅಲ್ಲಿ ಚಳಿಗಾಲ. ವರ್ಷದ ಬಹುಕಾಲ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೆ ನಿಲ್ಲುತ್ತಾನೆ. ಧ್ರುವನಕ್ಷತ್ರ ಅಲ್ಲಿ ಕಾಣುವುದೇ ಇಲ್ಲ. ಧ್ರುವನ ಕಥೆಯನ್ನು ಅಲ್ಲಿಯ ಅಜ್ಜಿಯರು ಯಾವ ಚುಕ್ಕಿಯನ್ನು ತೋರಿಸಿ ಹೇಳುತ್ತಾರೋ! ಆದರೆ ಅವರ ಬೇಸಗೆ ಚಳಿಗಾಲಗಳ ನಡುವೆ ಅಂತರ ಬಹಳ ಅಲ್ಪ. ನವೆಂಬರಿನಿಂದ ಏಪ್ರಿಲ್‌ವರೆಗಿನ ಬೇಸಗೆಯ ಸರಾಸರಿ ಉಷ್ಣತೆ ೨೪.೭ ಡಿಗ್ರಿ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಚಳಿಗಾಲದ್ದು ೨೦.೪ ಡಿಗ್ರಿ. ಸುತ್ತಲಿನ ಸಮುದ್ರ ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಮೇ ತಿಂಗಳಿನ ಮಧ್ಯಾಹ್ನ ೩೮ ಡಿಗ್ರಿಯನ್ನು ಮುಟ್ಟಿ, ಜನವರಿಯ ನಸುಕಿನಲ್ಲಿ ಹತ್ತು ಹನ್ನೊಂದಕ್ಕೆ ಇಳಿಯುವ ಪುಣೆಯವರಿಗೆ ಇದು ಋತುಭೇದವೇ ಅಲ್ಲ ಎನ್ನಿಸೀತು.

ಮಳೆಯನ್ನು ತರುವುದು ಮುಖ್ಯವಾಗಿ ಆಗ್ನೇಯ ವಾಣಿಜ್ಯ ಮಾರುತ ಮತ್ತು ಬೇಸಗೆಯ ಚಂಡಮಾರುತಗಳು. ವರ್ಷಕ್ಕೆ ದ್ವೀಪದ ಸರಾಸರಿ ಮಳೆ ಸುಮಾರು ೨,೦೦೦ ಮಿಲಿಮೀಟರ್. ಆದರೆ ಸರಾಸರಿ ಎಂಬ ಪದ ಇಲ್ಲಿ ಮೋಸದ್ದು. ಆಗ್ನೇಯದಿಂದ ಬಂದ ತೇವದ ಗಾಳಿ ಪ್ರಸ್ಥಭೂಮಿಯನ್ನು ಏರುತ್ತ ತಂಪಾಗಿ ಅಲ್ಲಿಯೇ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಮೇಲುನಾಡಿನ ಕೆಲವೆಡೆ ೪,೦೦೦ ಮಿಲಿಮೀಟರಿನವರೆಗೂ ಮಳೆ. ಬೆಟ್ಟವನ್ನು ಇಳಿದು ಪಶ್ಚಿಮ ತೀರಕ್ಕೆ ಬಂದರೆ ೮೦೦-೯೦೦ ಮಾತ್ರ. ರಾಜಧಾನಿಯಾದ ಪೋರ್ಟ್ ಲೂಯಿಗೂ ಕ್ಯೂರ್‌ಪಿಪ್‌ಗೂ ನಡುವೆ ಹದಿನೈದಿಪ್ಪತ್ತು ಕಿಲೋಮೀಟರಿನ ದಾರಿ. ಅಲ್ಲಿ ಬಿಸಿಲು, ಇಲ್ಲಿ ಕೊಡೆ. ಇದು ನಮ್ಮ ಲೋಣಾವಳೆ-ಪುಣೆಗಳ ಕಥೆಯೇ. ನೈಋತ್ಯದ ಮೋಡಗಳು ಘಟ್ಟದ ಮೇಲೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕು ಸುರಿಸಿ, ಅರವತ್ತು ಕಿಲೋಮೀಟರ್ ಪೂರ್ವಕ್ಕೆ ಬಂದು ಪುಣೆಗೆ ಏಳುನೂರು ಚಿಲ್ಲರೆಯನ್ನು ಕೊಟ್ಟು, ಮುಂದಕ್ಕೆ ಬರಿಗೈಯಲ್ಲಿ ಹೋಗುತ್ತವೆ. ಕ್ಯೂರ್‌ಪಿಪ್ ಗಾಳಿಗೆ ಎದುರಾಗಿದೆ, ಪುಣೆ ಘಟ್ಟದ ಬೆನ್ನ ಹಿಂದಿದೆ. ಎತ್ತರ ಒಂದೇ ಆದರೂ ಅದಕ್ಕೆ ನಮ್ಮ ಸುಮಾರು ನಾಲ್ಕು ಪಟ್ಟು ಮಳೆ.

ಚಂಡಮಾರುತಗಳ ವಿಷಯವನ್ನು ಹೇಳದೆ ಆ ದೇಶದ ವರ್ಣನೆ ಮುಗಿಯದು. ಇಂಗ್ಲಿಷಿನ ಸೈಕ್ಲೋನ್ ಎಂಬ ಶಬ್ದದ ಹುಟ್ಟಿಗೂ ಮಾರಿಷಸ್ಸಿಗೂ ನಂಟಿದೆ. ೧೮೪೫ರಲ್ಲಿ ಆ ದ್ವೀಪದ ಸಮೀಪದಲ್ಲಿ ಚಾರ್ಲ್ಸ್ ಹೆಡಲ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ, ದಿನಗಟ್ಟಲೆ ಸುತ್ತಿದಲ್ಲೇ ಸುತ್ತಿತು. ಅದರ ದಿನಚರಿಯನ್ನು ಕಲಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಎಂಬಾತ ಅಭ್ಯಸಿಸಿ, ಗಾಳಿ ಹಾವಿನಂತೆ ಸುರುಳಿ ಸುತ್ತುತ್ತದೆಂದು ತೋರಿಸಿ, ೧೮೪೮ರಲ್ಲಿ ಆ ಹೆಸರನ್ನು ಬಳಕೆಗೆ ತಂದ. ದಕ್ಷಿಣಾರ್ಧಗೋಲದಲ್ಲಿ ಈ ಸುರುಳಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ನಮ್ಮ ಬಂಗಾಳ ಕೊಲ್ಲಿಯದು ಅದಕ್ಕೆ ವಿರುದ್ಧವಾಗಿ. ೧೯೬೦ರ ಫೆಬ್ರುವರಿಯ ಕೊನೆಯಲ್ಲಿ ಬಂದ ಕೆರೊಲ್ ಎಂಬ ಚಂಡಮಾರುತದಲ್ಲಿ ಗಾಳಿಯ ವೇಗ ಗಂಟೆಗೆ ೨೫೬ ಕಿಲೋಮೀಟರನ್ನು ಮುಟ್ಟಿತು. ೪೨ ಜನ ಸತ್ತರು. ಹುಲ್ಲು ತಗಡುಗಳ ಮನೆಗಳು ಸಹಸ್ರಗಟ್ಟಲೆ ಹಾರಿಹೋದವು. ಅಲ್ಲಿ ಇಂದು ಕಾಣುವ ಗಟ್ಟಿಯಾದ ಸಿಮೆಂಟಿನ ಮನೆಗಳ ರೂಢಿ ಆ ವರ್ಷದ ನಂತರದ್ದು. ೧೯೭೫ರ ಜರ್ವೇಸ್‌ನ ವೇಗ ಅದನ್ನೂ ಮೀರಿ ೨೮೦ಕ್ಕೆ ಹೋಯಿತು. ಪಕ್ಕದ ರಿಯೂನಿಯನ್ನಿನಲ್ಲಿ ೧೯೬೬ರ ಜನವರಿ ೭-೮ರಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ ೧,೮೨೫ ಮಿಲಿಮೀಟರ್ ಮಳೆ ಬಿದ್ದು ಜಗತ್ತಿನ ದಾಖಲೆಯಾಯಿತು. ಪುಣೆಗೆ ಎರಡು ವರ್ಷಗಳಲ್ಲಿ ಬೀಳುವುದಕ್ಕಿಂತ ಹೆಚ್ಚು, ಒಂದು ಹಗಲು ಒಂದು ರಾತ್ರಿಯಲ್ಲಿ!

ಕಬ್ಬು ಆ ದ್ವೀಪವನ್ನು ಆಳಿದ್ದಕ್ಕೆ ಈ ಬಿರುಗಾಳಿಯೂ ಒಂದು ಕಾರಣ. ಬೇರೆ ಪೈರುಗಳು ಬುಡಮೇಲಾದಾಗ ಕಬ್ಬು ಬಾಗಿ ಮತ್ತೆ ಏಳುತ್ತದೆ. ಆದರೆ ಕಬ್ಬನ್ನು ನೆಡುವ ಮೊದಲು ನೆಲದ ತುಂಬ ಬಿದ್ದಿದ್ದ ಗುಂಡುಗಲ್ಲುಗಳನ್ನು ಎತ್ತಬೇಕಾಗಿತ್ತು. ಎತ್ತಿದವರು ಯಾರು? ಮೊದಲು ಆಫ್ರಿಕೆಯಿಂದ ತಂದ ಗುಲಾಮರು. ೧೮೩೪ರ ನವೆಂಬರ್ ೨ರಂದು ಅಟ್ಲಾಸ್ ಎಂಬ ಹಡಗು ಪೋರ್ಟ್ ಲೂಯಿಯನ್ನು ಮುಟ್ಟಿದ ಮೇಲೆ, ಕರಾರಿನ ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತಿ ಹೋದ ಭಾರತದ ಕೂಲಿಗಳು. ಮುಂದಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ ಅಂಥವರು ಸುಮಾರು ನಾಲ್ಕೂವರೆ ಲಕ್ಷ ಜನ ಹೋದರು. ಬಿಹಾರದವರು, ತಮಿಳರು, ತೆಲುಗರು. ಮುಂಬಯಿ ಪ್ರಾಂತದಿಂದ ಹೋದ ಮರಾಠಿಗರೂ ಇದ್ದರು. ಗಣೇಶ ಚತುರ್ಥಿ ಇಂದಿಗೂ ಆ ದೇಶದಲ್ಲಿ ಸಾರ್ವಜನಿಕ ರಜೆಯ ದಿನ. ಕಬ್ಬಿನ ಹೊಲಗಳ ನಡುವೆ ಆ ಕೈಗಳು ಎತ್ತಿ ಒಟ್ಟಿದ ಕರಿಗಲ್ಲಿನ ರಾಶಿಗಳು ಗೋಪುರಗಳಂತೆ ನಿಂತಿವೆ. ಕೂಲಿಗಳು ಹಡಗಿನಿಂದ ಇಳಿದ ಕಟ್ಟೆಯನ್ನು ಆಪ್ರವಾಸಿ ಘಾಟ್ ಎಂದು ಕರೆದು, ೨೦೦೬ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಕಟ್ಟೆಗೆ ಸಂದ ಗೌರವ ಆ ಕಲ್ಲಿನ ರಾಶಿಗಳಿಗೂ ಸಲ್ಲಬೇಕಾಗಿತ್ತೆಂದು ನನಗೆ ಅನ್ನಿಸುವುದುಂಟು.

ಈಗ ಗಾಳಿಯ ಮಾತು. ಶಿವಾಜಿನಗರದಲ್ಲಿ ಸಿಮ್ಲಾ ಆಫೀಸ್ ಎಂಬ ಬಸ್ಸಿನ ನಿಲ್ದಾಣವಿದೆ. ಹಿಮಾಲಯದ ಸಿಮ್ಲೆ ಎಲ್ಲಿ, ಪುಣೆಯ ಬಸ್ಸು ಎಲ್ಲಿ? ಭಾರತೀಯ ಹವಾಮಾನ ಇಲಾಖೆಯ ಮುಖ್ಯ ಕಚೇರಿ ೧೯೨೮ರಲ್ಲಿ ಸಿಮ್ಲೆಯಿಂದ ಪುಣೆಗೆ ಬಂತು. ೧೯೪೪ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಕಟ್ಟಡ, ವಿಜ್ಞಾನಿಗಳು ಮತ್ತು ಹೆಸರು ಇಲ್ಲಿಯೇ ಉಳಿದವು. ಆ ಇಲಾಖೆಯನ್ನು ೧೯೦೪ರಿಂದ ೧೯೨೪ರವರೆಗೆ ನಡೆಸಿದವನು ಗಿಲ್ಬರ್ಟ್ ವಾಕರ್, ಕೇಂಬ್ರಿಜ್ಜಿನ ಗಣಿತಜ್ಞ. ಭಾರತಕ್ಕೆ ಮುಂದಿನ ನಾಲ್ಕು ತಿಂಗಳು ಮಳೆ ಚೆನ್ನಾಗಿ ಆಗುವುದೋ ಇಲ್ಲವೋ ಎಂಬುದನ್ನು ಮೊದಲೇ ಹೇಳಬೇಕಾದದ್ದು ಅವನ ಕೆಲಸ. ಅವನು ಆಕಾಶವನ್ನು ನೋಡುತ್ತ ಕೂರಲಿಲ್ಲ. ಜಗತ್ತಿನ ಮೂಲೆ ಮೂಲೆಯ ಅಂಕೆಗಳನ್ನು ತರಿಸಿದ. ಹಿಮಾಲಯದ ಹಿಮ, ದಕ್ಷಿಣ ಅಮೇರಿಕೆಯ ವಾಯುಭಾರ, ಜಾಂಜಿಬಾರಿನ ಮಳೆ ಮತ್ತು ಮೇ ತಿಂಗಳಿನಲ್ಲಿ ಮಾರಿಷಸ್ಸಿನ ವಾಯುಭಾರ, ಈ ನಾಲ್ಕನ್ನು ಕೂಡಿಸಿ ಕಳೆದು ಸೂತ್ರವನ್ನು ರಚಿಸಿದ. ಮಾರಿಷಸ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಒಳ್ಳೆಯ ವೀಕ್ಷಣಾಲಯವಿದ್ದದ್ದು ಅವನಿಗೆ ಅನುಕೂಲವಾಯಿತು.

ಮಾರಿಷಸ್ಸಿನ ವಾಯುಭಾರಮಾಪಕಕ್ಕೂ ನಮ್ಮ ಮಳೆಗೂ ಏನು ನಂಟು? ಆ ದ್ವೀಪದ ದಕ್ಷಿಣ ಮತ್ತು ಆಗ್ನೇಯಕ್ಕೆ, ಸುಮಾರು ೩೦ ಡಿಗ್ರಿ ದಕ್ಷಿಣ ಅಕ್ಷಾಂಶದ ಸುತ್ತ, ಸಮುದ್ರದ ಮೇಲೆ ಅಧಿಕ ಒತ್ತಡದ ವಿಶಾಲ ಪ್ರದೇಶವೊಂದಿದೆ. ಮಸ್ಕರೀನ್ ಅಧಿಕ ಒತ್ತಡವೆಂದೇ ಅದರ ಹೆಸರು. ಅಲ್ಲಿ ಚಳಿಗಾಲವಾದಂತೆ ಅದು ಬಲಿಯುತ್ತದೆ. ಅದೇ ಹೊತ್ತಿಗೆ ನಮ್ಮ ನೆಲ ಕಾದು ಇಲ್ಲಿಯ ಒತ್ತಡ ಇಳಿಯುತ್ತದೆ. ಒಂದು ಕಡೆ ತಳ್ಳುವವರು, ಇನ್ನೊಂದು ಕಡೆ ಎಳೆಯುವವರು. ಮಾರಿಷಸ್ಸಿನ ಕಬ್ಬನ್ನು ತೂಗಿದ ಆಗ್ನೇಯ ಮಾರುತ ವಾಯವ್ಯಕ್ಕೆ ಹರಿದು, ಆಫ್ರಿಕೆಯ ತೀರದ ಬಳಿ ಸಮಭಾಜಕ ವೃತ್ತವನ್ನು ದಾಟುತ್ತದೆ. ದಾಟಿದೊಡನೆ ಭೂಮಿಯ ತಿರುಗುವಿಕೆಯ ಪ್ರಭಾವದಿಂದ ಬಲಕ್ಕೆ ಹೊರಳಿ, ಸೋಮಾಲಿಯಾದ ಮಗ್ಗುಲಲ್ಲಿ ರಭಸದ ಹೊನಲಾಗಿ, ಅರಬ್ಬೀ ಸಮುದ್ರದ ತೇವವನ್ನು ಕುಡಿದು, ನೈಋತ್ಯ ಮಾರುತವೆಂಬ ಹೆಸರಿನಿಂದ ಕೇರಳಕ್ಕೂ ಕರಾವಳಿಗೂ ಕೊಂಕಣಕ್ಕೂ ಬಂದು ಮುಟ್ಟುತ್ತದೆ. ನೆಲದಿಂದ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಈ ಹೊನಲನ್ನು ಫಿಂಡ್ಲೇಟರ್ ಎಂಬ ವಿಜ್ಞಾನಿ ೧೯೬೦ರ ದಶಕದಲ್ಲಿ ವಿಶದವಾಗಿ ಗುರುತಿಸಿದ. ಜೂನಿನಲ್ಲಿ ನಮ್ಮ ಶಾಲೆಯ ಕಿಟಕಿಯನ್ನು ಬಡಿಯುವ ಗಾಳಿ ಹೊರಟದ್ದು ಅಷ್ಟು ದೂರದಿಂದ.

ಈ ಕಲ್ಲು ಗಾಳಿಗಳ ವಿಚಾರ ನನಗೆ ಪುಸ್ತಕದ ವಿಷಯವಾಗಿ ಮಾತ್ರ ಉಳಿದಿಲ್ಲ. ನಮ್ಮ ಮನೆತನ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನದು. ಕನ್ನಡವನ್ನಾಡುವ, ಮಳೆಯ ನೆರಳಿನ ನೆಲ. ಘಟ್ಟವನ್ನು ದಾಟಿದ ಮೋಡಗಳು ಅಲ್ಲಿಗೆ ಬರುವ ಹೊತ್ತಿಗೆ ಹೆಸರಿಗೆ ಮಾತ್ರ ಮೋಡಗಳು. ೧೯೭೨ರಲ್ಲಿ ದೇಶದ ಮುಂಗಾರು ಮಳೆಯೇ ವಾಡಿಕೆಗಿಂತ ಸುಮಾರು ಕಾಲು ಭಾಗ ಕಡಿಮೆಯಾಯಿತು. ಅದಕ್ಕೆ ಹಿಂದಿನ ವರ್ಷಗಳೂ ನಮ್ಮ ಕಡೆ ಚೆನ್ನಾಗಿರಲಿಲ್ಲ. ಆಗ ನನ್ನ ತಂದೆಯವರಿಗೆ ಇಪ್ಪತ್ತರ ಪ್ರಾಯ. ಎತ್ತುಗಳನ್ನು ಬಂದ ಬೆಲೆಗೆ ಮಾರಿ, ಅವರೂ ನನ್ನ ಅಜ್ಜಿಯೂ ಬರಗಾಲದ ಕಾಮಗಾರಿಗೆ ಹೋದರು. ಕೆಲಸವೆಂದರೆ ರಸ್ತೆಗೆ ಕಡಿ ಒಡೆಯುವುದು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯನ್ನು ಹಿಡಿದು ಕುಳಿತು ಕರಿಗಲ್ಲನ್ನು ಮುಷ್ಟಿಯಷ್ಟು ಮಾಡಿ ರಾಶಿ ಹಾಕಬೇಕು. ಸಂಜೆ ರಾಶಿಯನ್ನು ಅಳೆದು ಕೂಲಿ. ಕಲ್ಲಿನ ಚೂರು ಸಿಡಿದು ಅಜ್ಜಿಯ ಎಡಗಣ್ಣು ಮಬ್ಬಾಯಿತು. ಮುಂದೆ ಅವರು ಬದುಕಿದ್ದಷ್ಟು ಕಾಲವೂ ಸೂಜಿಗೆ ದಾರವನ್ನು ಪೋಣಿಸಿ ಕೊಡುವುದು ಮನೆಯ ಮಕ್ಕಳಾದ ನಮ್ಮ ಕೆಲಸವಾಗಿತ್ತು. ಮರುವರ್ಷ ಮಳೆ ಬಂದರೂ ತಂದೆಯವರು ಪುಣೆಯ ದಾರಿಯನ್ನು ಹಿಡಿದು, ಇಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದರು.

ಬಾರದೆ ಹೋದ ಗಾಳಿ ಹೊರಡುವುದು ಮಾರಿಷಸ್ಸಿನ ಕಡಲಿನಿಂದ. ಮುಷ್ಟಿಯಷ್ಟು ಮಾಡಬೇಕಾದ ಕಲ್ಲು ಬೆಂದದ್ದು ಮಾರಿಷಸ್ಸನ್ನು ಬೇಯಿಸಿದ ಒಲೆಯಲ್ಲಿ. ಆ ದ್ವೀಪದ ಹೊಲಗಳಲ್ಲಿ ಕಲ್ಲು ಎತ್ತಿದವರಲ್ಲಿಯೂ ಅನೇಕರು ಇಂಥದೇ ಬರಗಾಲಗಳಿಗೆ ಬೆನ್ನು ತಿರುಗಿಸಿ ಹಡಗನ್ನು ಹತ್ತಿದವರು. ಕಾಲೇಜಿನಲ್ಲಿ ಭೂಗೋಲವನ್ನು ಓದುವಾಗ ಈ ಮೂರೂ ಸಂಗತಿಗಳು ಮೂರು ಬೇರೆ ಬೇರೆ ಪುಸ್ತಕಗಳಲ್ಲಿ ನನಗೆ ಸಿಕ್ಕವು. ಅವನ್ನು ಒಂದೆಡೆ ಸೇರಿಸಿ ನೋಡಿದ ದಿನ ನಾನು ಬಹಳ ಹೊತ್ತು ಏನನ್ನೂ ಓದಲಾಗಲಿಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ಕಥೆ ಇದಕ್ಕಿಂತ ಬಹಳ ಬೇರೆಯಲ್ಲ. ವಿಜಯಪುರ, ಕಲಬುರಗಿ, ಅಕ್ಕಲಕೋಟೆಗಳ ಕಡೆಯಿಂದ ಮಳೆ ಕೈಕೊಟ್ಟ ಯಾವುದೋ ಒಂದು ವರ್ಷ ಹೊರಟು ಬಂದವರು ಅವರ ತಂದೆತಾಯಿಗಳೋ ಅಜ್ಜಂದಿರೋ. ಅವರಿಗೆ ಮುಂಗಾರಿನ ಪಾಠವನ್ನು ಹೇಳುವಾಗ ಬಾಣದ ಗುರುತುಗಳನ್ನು ಭಾರತದ ಕರಾವಳಿಯಿಂದ ಆರಂಭಿಸದೆ, ಮಾರಿಷಸ್ಸಿನ ಆಚೆಯಿಂದ ಎಳೆದು ತರುವುದು ನನ್ನ ವಾಡಿಕೆ. ಕರಿಹಲಗೆ ಸಾಲದೆ ಬರುತ್ತದೆ, ಆದರೂ ಬಿಡುವುದಿಲ್ಲ.

೧೯೭೨ರ ಬರಕ್ಕೆ ಮಸ್ಕರೀನ್ ಒತ್ತಡವೊಂದನ್ನೇ ಹೊಣೆಮಾಡುವುದು ಸರಿಯಾಗದು. ಆ ವರ್ಷ ಪೆಸಿಫಿಕ್ ಮಹಾಸಾಗರದಲ್ಲಿ ನೀರು ಅಸಾಧಾರಣವಾಗಿ ಕಾದಿತ್ತು. ಎಲ್ ನಿನೋ ಎಂದು ಅದನ್ನು ಕರೆಯುತ್ತಾರೆ. ಎರಡು ಮಹಾಸಾಗರಗಳ ವಾಯುಭಾರ ತಕ್ಕಡಿಯ ತಟ್ಟೆಗಳಂತ ಏರಿಳಿಯುವುದಕ್ಕೆ ಹೆಸರಿಟ್ಟವನೂ ವಾಕರನೇ. ಆದರೂ ಅವನ ಸೂತ್ರಗಳು ಹಲವು ಸಲ ಸೋತವು. ಅವನ ನಂತರದವರ ಸೂತ್ರಗಳೂ ಸೋತಿವೆ: ೨೦೦೨ರ ಜುಲೈಯಲ್ಲಿ ದೇಶದ ಮಳೆ ಅರ್ಧದಷ್ಟು ಕೈಕೊಟ್ಟಾಗ ಮುನ್ಸೂಚನೆ ಅದನ್ನು ಹೇಳಿರಲಿಲ್ಲ, ಮರುವರ್ಷವೇ ಸೂತ್ರವನ್ನು ಬದಲಾಯಿಸಬೇಕಾಯಿತು. ಈಗ ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯ ಗಣಕಯಂತ್ರಗಳು ಸಾಗರ ವಾಯುಮಂಡಲಗಳೆರಡನ್ನೂ ಕೂಡಿಸಿ ಲೆಕ್ಕ ಹಾಕುತ್ತವೆ. ೧೯೬೨ರಲ್ಲಿ ಆರಂಭವಾದ ಆ ಸಂಸ್ಥೆಯನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ತೋರಿಸಬೇಕೆಂದು ನನ್ನ ಆಸೆ.

ಆ ದ್ವೀಪದ ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಮೂಲದ ಕಾಡಿನಲ್ಲಿ ನೂರಕ್ಕೆ ಎರಡು ಪಾಲೂ ಒಳ್ಳೆಯ ಸ್ಥಿತಿಯಲ್ಲಿ ಉಳಿದಿಲ್ಲ. ಸಮುದ್ರ ಕಾದ ವರ್ಷಗಳಲ್ಲಿ ಹವಳ ಬಿಳಚಿಕೊಂಡು ಸಾಯುತ್ತದೆ. ಹವಳದ ಕೋಟೆ ಕುಸಿದರೆ ತೆರೆಗಳು ನೇರವಾಗಿ ದಡಕ್ಕೆ ಬರುತ್ತವೆ. ೨೦೧೩ರ ಮಾರ್ಚ್ ೩೦ರಂದು ಪೋರ್ಟ್ ಲೂಯಿಯಲ್ಲಿ ಕೆಲವೇ ಗಂಟೆಗಳ ಮಳೆಗೆ ೧೧ ಜನ ಪ್ರಾಣ ಕಳೆದುಕೊಂಡರು. ಬೆಟ್ಟದ ನೀರಿನ ಹಾದಿಯನ್ನು ಕಟ್ಟಡಗಳು ಮುಚ್ಚಿದರೆ ಏನಾಗುವುದೆಂದು ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಅಂಬಿಲ ಓಢೆಯ ದಂಡೆಯಲ್ಲಿ ಪುಣೆಯವರೂ ಕಂಡರು. ೨೦೨೦ರ ಜುಲೈಯಲ್ಲಿ ವಾಕಾಶಿಯೋ ಎಂಬ ಹಡಗು ಹವಳದ ದಿಬ್ಬಕ್ಕೆ ಬಡಿದು, ಆಗಸ್ಟಿನಲ್ಲಿ ಸಾವಿರ ಟನ್ನಿನಷ್ಟು ಎಣ್ಣೆ ತಿಳಿನೀರಿಗೆ ಹರಿಯಿತು. ಆಗ ಅಲ್ಲಿಯ ಜನ ಬಟ್ಟೆಯ ಚೀಲಗಳಿಗೆ ಕಬ್ಬಿನ ರವದಿಯನ್ನು ತುಂಬಿ ಹೊಲಿದು, ಉದ್ದನೆಯ ದಿಂಬುಗಳಂತೆ ನೀರಿನ ಮೇಲೆ ಹಾಸಿ ಎಣ್ಣೆಯನ್ನು ತಡೆದರು. ಪತ್ರಿಕೆಯಲ್ಲಿ ಆ ಚಿತ್ರವನ್ನು ನೋಡಿದ ನನ್ನ ತಂದೆಯವರು, "ರವದಿ ಹಿಂಗೂ ಬರ್ತೈತೇನು!" ಎಂದು ಬೆರಗಾದರು.

ತಂದೆಯವರು ಈಗ ಊರಿನಲ್ಲಿಯೇ ಇದ್ದಾರೆ. ವಯಸ್ಸು ಎಪ್ಪತ್ತನ್ನು ದಾಟಿದೆ. ಮೇ ತಿಂಗಳಿನ ಕೊನೆಯ ವಾರದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆ ಪ್ರಕಟವಾದ ಸಂಜೆ ನಾನು ಅವರಿಗೆ ದೂರವಾಣಿಯಲ್ಲಿ ಅಂಕೆಗಳನ್ನು ಓದಿ ಹೇಳುತ್ತೇನೆ: ದೇಶಕ್ಕೆ ನೂರಕ್ಕೆ ಇಷ್ಟು, ನಮ್ಮ ಭಾಗಕ್ಕೆ ಇಷ್ಟು ಎಂದು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿ, "ಅದಿರಲಿ, ಅಲ್ಲಿ ನಿನ್ನ ದ್ವೀಪದಾಗ ಗಾಳಿ ಬಿಟ್ಟೈತೋ ಇಲ್ಲೋ?" ಎಂದು ಕೇಳುತ್ತಾರೆ. ಪೋರ್ಟ್ ಲೂಯಿಯ ಆ ದಿನದ ವಾಯುಭಾರವನ್ನೂ ಗಾಳಿಯ ದಿಕ್ಕನ್ನೂ ನಾನು ಮೊದಲೇ ನೋಡಿ ಬರೆದಿಟ್ಟುಕೊಂಡಿರುತ್ತೇನೆ.